ಹೊಸ ಟಿ.ವಿ.ಯಲ್ಲಿ ಕನ್ಸೋಲ್ ಆಟ: ಒಳ್ಳೆಯ ಚಿತ್ರಕ್ಕೆ ಒಂದು ಸಂಜೆಯ ಕೆಲಸ

ದೀಪಾವಳಿ ಪಾಡ್ಯ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಶುರುವಾಗುತ್ತದೆ. ಇಲ್ಲಿ ವಿಜಯಪುರದವರಿರಲಿ, ಸಿಂದಗಿ, ಇಂಡಿ, ಮುದ್ದೇಬಿಹಾಳದವರಿರಲಿ, ಓದುಗರು ಕೇಳುವುದು ಒಂದನ್ನೇ: “ಕಂತಿನ ಮೇಲೆ ಐವತ್ತೈದು ಇಂಚಿನ ಟಿ.ವಿ. ತಂದೆವು. ಪ್ಲೇಸ್ಟೇಷನ್ ಜೋಡಿಸಿದರೆ ಹಳೆಯದರಲ್ಲಿದ್ದಷ್ಟೂ ಚೆಂದ ಕಾಣುತ್ತಿಲ್ಲ. ಬಣ್ಣ ಕಣ್ಣಿಗೆ ರಾಚುತ್ತದೆ. ಕತ್ತಲೆಯ ದೃಶ್ಯ ಬಂದರೆ ಏನೂ ತಿಳಿಯುವುದಿಲ್ಲ. ಗುಂಡಿ ಒತ್ತಿ ಒಂದು ಕ್ಷಣ ಕಳೆದ ಮೇಲೆ ಬ್ಯಾಟು ಬೀಸುತ್ತದೆ. ಟಿ.ವಿ.ಯನ್ನು ಅಂಗಡಿಗೆ ಮರಳಿಸಬೇಕೇ?”

ಮರಳಿಸುವ ಮುಂಚೆ ಒಂದು ಸಂಜೆ ಇದಕ್ಕಾಗಿ ತೆಗೆದಿಡಿ. ಹೊಸ ಟಿ.ವಿ.ಗಳು ತಮಗೆ ಬಂದ ಚಿತ್ರವನ್ನು ಇದ್ದಂತೆ ತೋರಿಸುವುದಿಲ್ಲ. ಹೊಳಪು ಏರಿಸುತ್ತವೆ, ಅಂಚು ತೀಡುತ್ತವೆ, ಎರಡು ಚಿತ್ರಗಳ ನಡುವೆ ಮೂರನೆಯದನ್ನು ತಾವೇ ಸೃಷ್ಟಿಸಿ ತುರುಕುತ್ತವೆ. ಮಸುಕಾಗಿ ಬರುವ ವಾಹಿನಿಯ ಧಾರಾವಾಹಿಗೆ ಈ ಉಪಚಾರ ಬೇಕಾದೀತು. ಕನ್ಸೋಲ್ (ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂತಹ ಆಟದ ಯಂತ್ರ) ಕಳಿಸುವ ಚಿತ್ರಕ್ಕೆ ಬೇಡ, ಅದು ಚೊಕ್ಕವಾಗಿಯೇ ಹೊರಟಿರುತ್ತದೆ. ಹಾಗಾಗಿ ನಾವು ಮಾಡಬೇಕಾದದ್ದು ಎರಡು. ಟಿ.ವಿ.ಯ ತಿದ್ದುವ ಕೈಯನ್ನು ತಡೆಯುವುದು ಮೊದಲನೆಯದು. ಬೆಳಕು ಮತ್ತು ಕಪ್ಪಿನ ಲೆಕ್ಕ ಕನ್ಸೋಲಿನಲ್ಲೂ ಟಿ.ವಿ.ಯಲ್ಲೂ ಒಂದೇ ಇರುವಂತೆ ನೋಡಿಕೊಳ್ಳುವುದು ಎರಡನೆಯದು.

ಬೇಕಾಗುವ ಸಾಮಾನು ಕಡಿಮೆ: ಟಿ.ವಿ.ಯ ರಿಮೋಟ್, ಕನ್ಸೋಲಿನ ಪೆಟ್ಟಿಗೆಯಲ್ಲೇ ಬಂದ ಕೇಬಲ್, ಇಂಟರ್ನೆಟ್ ಸಂಪರ್ಕ, ಗುಹೆಯೋ ರಾತ್ರಿಯೋ ಇರುವ ಒಂದು ಆಟ. ಏನನ್ನೂ ಹೊಸದಾಗಿ ಕೊಳ್ಳಬೇಡಿ. ಮೊದಲು ಟಿ.ವಿ. ಮತ್ತು ಕನ್ಸೋಲ್ ಎರಡರ ಸಾಫ್ಟ್‌ವೇರನ್ನೂ ನವೀಕರಿಸಿಕೊಳ್ಳಿ. ಕೊನೆಯಲ್ಲಿ ನವೀಕರಿಸಿದರೆ ಮಾಡಿದ ಹೊಂದಾಣಿಕೆ ಅಳಿಸಿಹೋಗುವ ಸಾಧ್ಯತೆ ಇದೆ.

1. ಅಂಗಡಿಯ ಮೋಡ್‌ನಿಂದ ಮನೆಯ ಮೋಡ್‌ಗೆ

ಗಾಂಧಿ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಸಾಲಾಗಿ ಹಚ್ಚಿಟ್ಟ ಟಿ.ವಿ.ಗಳನ್ನು ನೋಡಿದ್ದೀರಿ. ಪಕ್ಕದ್ದಕ್ಕಿಂತ ತಾನು ಹೆಚ್ಚು ಹೊಳೆಯಬೇಕೆಂದು ಪ್ರತಿಯೊಂದೂ ಪೂರ್ಣ ಬೆಳಕಿನಲ್ಲಿ ನಿಂತಿರುತ್ತದೆ. ಇದಕ್ಕೆ ‘ಸ್ಟೋರ್ ಮೋಡ್’ ಎಂದು ಹೆಸರು. ಅದೇ ಸ್ಥಿತಿಯಲ್ಲಿ ಟಿ.ವಿ. ನಿಮ್ಮ ಪಡಸಾಲೆಗೆ ಬಂದಿದ್ದರೆ, ನೀವು ಬದಲಿಸಿದ್ದನ್ನು ಸ್ವಲ್ಪ ಹೊತ್ತಿನಲ್ಲೇ ಮರೆತು ಹಳೆಯ ಸ್ಥಿತಿಗೆ ಹೊರಳುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಹೋಮ್ ಮೋಡ್’ ಆಯ್ದುಕೊಳ್ಳಿ. ‘ವಿವಿಡ್’ ಅಥವಾ ‘ಡೈನಾಮಿಕ್’ ಎಂಬ ಚಿತ್ರದ ಬಗೆ ಇದ್ದರೆ ಅದನ್ನೂ ಬಿಡಿ.

ಜಾಗದ ಬಗ್ಗೆ ಒಂದು ಮಾತು. ನಮ್ಮ ಕಡೆ ಟಿ.ವಿ.ಯನ್ನು ಶೋಕೇಸಿನ ಮೇಲೆ, ನೆತ್ತಿಯ ಎತ್ತರದಲ್ಲಿ ತೂಗುಹಾಕುವ ರೂಢಿ ಇದೆ. ಎಲ್‌ಇಡಿ ಪರದೆಗಳಲ್ಲಿ ಬಹಳಷ್ಟನ್ನು ಕೆಳಗಿನಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ, ಕಪ್ಪು ಬೂದಿಯಾಗುತ್ತದೆ. ಕುಳಿತವರ ಕಣ್ಣು ಪರದೆಯ ನಡುಭಾಗದ ಆಸುಪಾಸಿಗೆ ಬರುವಂತೆ ಇಳಿಸಿ. 55 ಇಂಚಿನ 4ಕೆ (3840×2160 ಬಿಂದುಗಳ) ಟಿ.ವಿ.ಗೆ ಐದೂವರೆಯಿಂದ ಏಳು ಅಡಿ ದೂರ ಒಳ್ಳೆಯದು. ಹದಿನಾಲ್ಕು ಅಡಿ ದೂರದ ಸೋಫಾದಲ್ಲಿ ಕುಳಿತವರಿಗೆ 4ಕೆ ಚಿತ್ರಕ್ಕೂ ಹಳೆಯ 1080ಪಿ (ಅದರ ಕಾಲು ಭಾಗ ಬಿಂದುಗಳ) ಚಿತ್ರಕ್ಕೂ ಅಂತರ ಗೊತ್ತಾಗುವುದು ಕಷ್ಟ. ಎದುರಿಗೆ ಕಿಟಕಿ ಇದ್ದರೆ ದಪ್ಪ ಪರದೆ ಹಾಕಿ. ನಮ್ಮ ಮಧ್ಯಾಹ್ನದ ಬಿಸಿಲನ್ನು ಗೆಲ್ಲುವಷ್ಟು ಬೆಳಕು ಯಾವ ಟಿ.ವಿ.ಗೂ ಇಲ್ಲ.

2. ಸರಿಯಾದ ಕಿಂಡಿ, ಸರಿಯಾದ ಕೇಬಲ್

ಟಿ.ವಿ.ಯ ಹಿಂದೆ, ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ತರುವ ಮೂರೋ ನಾಲ್ಕೋ ಎಚ್‌ಡಿಎಂಐ ಕಿಂಡಿಗಳಿರುತ್ತವೆ. ನೋಡಲು ಒಂದೇ ತರಹ, ಸಾಮರ್ಥ್ಯ ಬೇರೆ ಬೇರೆ. ಎಚ್‌ಡಿಎಂಐ 2.0 ಕಿಂಡಿ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಸಾಗಿಸುತ್ತದೆ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಕಳಿಸಲು ಅದು ಸಾಕು. ಎಚ್‌ಡಿಎಂಐ 2.1ರ ಮಿತಿ 48 ಗಿಗಾಬಿಟ್, ಅದರಲ್ಲಿ 120 ಬಾರಿ ಕಳಿಸಬಹುದು. ಕಿಂಡಿಯ ಬಳಿ ‘4ಕೆ 120 ಹರ್ಟ್ಸ್’ ಎಂದೋ ‘ಗೇಮ್’ ಎಂದೋ ಬರೆದಿದ್ದರೆ ಕನ್ಸೋಲನ್ನು ಅಲ್ಲಿಗೇ ಚುಚ್ಚಿ. ಬರೆದಿಲ್ಲದಿದ್ದರೆ ಕೈಪಿಡಿ ನೋಡಿ. ಕೆಲವು ಟಿ.ವಿ.ಗಳಲ್ಲಿ ಇಂತಹ ಕಿಂಡಿಗಳು ಎರಡೇ ಇರುತ್ತವೆ, ಆ ಎರಡರಲ್ಲಿ ಒಂದು ಸೌಂಡ್‌ಬಾರಿನ ‘ಇಎಆರ್‌ಸಿ’ ಕಿಂಡಿಯೂ ಆಗಿರುತ್ತದೆ. ಸೌಂಡ್‌ಬಾರ್ ಅಲ್ಲಿ ಕುಳಿತರೆ ಕನ್ಸೋಲಿಗೆ ಉಳಿಯುವುದು ಒಂದು. ಕನ್ಸೋಲನ್ನು ಹಳೆಯ ಸೌಂಡ್‌ಬಾರಿನ ಮೂಲಕ ಹಾಯಿಸಿ ಟಿ.ವಿ.ಗೆ ತರಬೇಡಿ, ಸೌಂಡ್‌ಬಾರಿನ ಮಿತಿಯೇ ಚಿತ್ರದ ಮಿತಿಯಾಗುತ್ತದೆ.

ಕೇಬಲ್ ವಿಷಯದಲ್ಲಿ ಜನ ಹೆಚ್ಚು ದುಡ್ಡು ಕಳೆದುಕೊಳ್ಳುತ್ತಾರೆ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆಗೆ ಕೊಡುವ ಕೇಬಲ್ 2.1ಕ್ಕೆ ಸರಿಹೋಗುವಂಥದ್ದೇ. ಬಂಗಾರದ ಲೇಪ ಚಿತ್ರದ ಬಣ್ಣವನ್ನು ಒಂದು ಎಳೆಯಷ್ಟೂ ಬದಲಿಸುವುದಿಲ್ಲ. ಹೊಸದು ಬೇಕೇ ಬೇಕಾದರೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಪ್ರಮಾಣಪತ್ರದ ಚೀಟಿ ಅಂಟಿಸಿದ್ದನ್ನೇ ಕೇಳಿ, ಆ ಚೀಟಿಯನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ಅಲ್ಲವೋ ನೋಡಬಹುದು. ಉದ್ದ ಎರಡು ಮೀಟರ್ ಇದ್ದರೆ ಸಾಕು.

ಹೊಸ ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ಪೈಪಿನೊಳಗೆ ಎಚ್‌ಡಿಎಂಐ ಕೇಬಲ್ ಹುದುಗಿಸಿಡುತ್ತಾರೆ. ಹತ್ತು ಮೀಟರಿನ ಆ ಹಳೆಯ ತಂತಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಸಲೀಸಾಗಿ ನಡೆಯುತ್ತದೆ, ಕನ್ಸೋಲ್ ಮಾತ್ರ ಎರಡು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿಸುತ್ತದೆ. ನಾನೇ ಎರಡು ವಾರ ಟಿ.ವಿ.ಯನ್ನು ಅನುಮಾನಿಸಿದ್ದೆ, ದೋಷ ಗೋಡೆಯೊಳಗಿತ್ತು. ಅನುಮಾನ ಬಂದರೆ ಕನ್ಸೋಲನ್ನು ಟಿ.ವಿ.ಯ ಬುಡಕ್ಕೇ ತಂದು ಪೆಟ್ಟಿಗೆಯ ಕೇಬಲಿನಿಂದ ಜೋಡಿಸಿ ನೋಡಿ. ಐದು ನಿಮಿಷದಲ್ಲಿ ತಿಳಿಯುತ್ತದೆ.

3. ಕಿಂಡಿಯ ಬಾಗಿಲು ತೆರೆಯಿರಿ

ಸರಿಯಾದ ಕಿಂಡಿಗೆ ಹಾಕಿದರೂ ಅನೇಕ ಟಿ.ವಿ.ಗಳು ಆ ಕಿಂಡಿಯನ್ನು ಹಳೆಯ ಉಪಕರಣಗಳಿಗೆ ಹೊಂದುವಂತೆ ಅರ್ಧ ಸಾಮರ್ಥ್ಯದಲ್ಲಿಟ್ಟಿರುತ್ತವೆ. ಪೂರ್ತಿ ತೆರೆಯುವ ಆಯ್ಕೆಗೆ ಕಂಪನಿಗೊಂದು ಹೆಸರು: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಒಳಗೆ ‘ಎನ್‌ಹ್ಯಾನ್ಸ್ಡ್’. ಕನ್ಸೋಲ್ ಕುಳಿತಿರುವ ಕಿಂಡಿಗೆ ಇದನ್ನು ಆನ್ ಮಾಡಿ.

ಈಗ ಕನ್ಸೋಲಿಗೆ ಏನು ದಕ್ಕಿತೆಂದು ನೋಡಿ. ಪ್ಲೇಸ್ಟೇಷನ್ 5ರಲ್ಲಿ ಸೆಟ್ಟಿಂಗ್ಸ್, ಸ್ಕ್ರೀನ್ ಅಂಡ್ ವಿಡಿಯೋ, ವಿಡಿಯೋ ಔಟ್‌ಪುಟ್, ಅಲ್ಲಿ ವಿಡಿಯೋ ಔಟ್‌ಪುಟ್ ಇನ್ಫರ್ಮೇಷನ್. ಈಗ ಹೊರಡುತ್ತಿರುವ ಚಿತ್ರದ ಅಳತೆ, ವೇಗ, ಬಣ್ಣದ ಬಗೆ ಅಲ್ಲಿ ಬರೆದಿರುತ್ತದೆ. 3840×2160 ಎಂದಿದ್ದರೆ 4ಕೆ ಬರುತ್ತಿದೆ ಎಂದರ್ಥ. ಎಕ್ಸ್‌ಬಾಕ್ಸ್‌ನಲ್ಲಿ ಜನರಲ್, ಟಿವಿ ಅಂಡ್ ಡಿಸ್‌ಪ್ಲೇ ಆಪ್ಷನ್ಸ್, 4ಕೆ ಟಿವಿ ಡೀಟೇಲ್ಸ್, ನಿಮ್ಮ ಟಿ.ವಿ.ಗೆ ಸಾಧ್ಯವಿರುವುದಕ್ಕೆಲ್ಲ ಹಸಿರು ಗುರುತು ಬಿದ್ದಿರುತ್ತದೆ.

4. ಗೇಮ್ ಮೋಡ್

ಈ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ: ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಫಲ ಕಂಡಿದ್ದಕ್ಕೂ ನಡುವಿನ ಅಂತರದಲ್ಲಿ ಟಿ.ವಿ.ಯಿಂದಾಗುವ ಪಾಲಿಗೆ ‘ಇನ್‌ಪುಟ್ ಲ್ಯಾಗ್’ ಎನ್ನುತ್ತಾರೆ. ಸೆಕೆಂಡಿಗೆ 60 ಚಿತ್ರ ಬರುವಾಗ ಒಂದೊಂದು ಚಿತ್ರದ ಪಾಲಿಗೆ 16.7 ಮಿಲಿಸೆಕೆಂಡ್ ಬರುತ್ತದೆ. ತಿದ್ದುಪಡಿಗಾಗಿ ಟಿ.ವಿ. ಐದಾರು ಚಿತ್ರಗಳನ್ನು ತಡೆಹಿಡಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ಹೋಯಿತು. ಕ್ರಿಕೆಟ್ ಆಟದಲ್ಲಿ ಚೆಂಡು ಬ್ಯಾಟನ್ನು ದಾಟಿಹೋಗಲು ಅಷ್ಟು ಸಾಕು. ಗೇಮ್ ಮೋಡ್ ಆ ತಡೆಯನ್ನು ಬಹುಮಟ್ಟಿಗೆ ತೆಗೆಯುತ್ತದೆ.

‘ಎಎಲ್‌ಎಲ್‌ಎಂ’ ಎಂಬ ಅಕ್ಷರಗಳು ಟಿ.ವಿ.ಯ ಪೆಟ್ಟಿಗೆಯ ಮೇಲಿದ್ದರೆ, ಕನ್ಸೋಲ್ ಹಚ್ಚಿದಾಗ ಟಿ.ವಿ. ತಾನಾಗಿ ಗೇಮ್ ಮೋಡ್‌ಗೆ ಹೋಗಬಲ್ಲದು. ಹೋಗಿದೆಯೇ ಎಂದು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ಗೇಮ್ ಮೋಡ್‌ನಲ್ಲಿ ಚಿತ್ರ ಮೊದಲಿಗೆ ಸಪ್ಪೆ ಅನ್ನಿಸಬಹುದು. ಗಾಬರಿಯಾಗಿ ಹಿಂದಕ್ಕೆ ಹೋಗಬೇಡಿ, ಮುಂದಿನ ಹಂತ ಅದಕ್ಕೇ ಇರುವುದು.

5. ಆಫ್ ಮಾಡಬೇಕಾದವು

ಮೊದಲು ವಿದ್ಯುತ್ ಉಳಿತಾಯದ ಆಯ್ಕೆ. ‘ಎನರ್ಜಿ ಸೇವಿಂಗ್’, ‘ಇಕೋ’, ‘ಆಂಬಿಯೆಂಟ್ ಲೈಟ್’ ಯಾವ ಹೆಸರಿನಲ್ಲಿದ್ದರೂ ಸರಿ, ಪರದೆಯ ಬೆಳಕನ್ನು ನಿಮಗೆ ಹೇಳದೆ ಇಳಿಸುವುದು ಇದೇ. “ರಾತ್ರಿಯಾದರೆ ಚಿತ್ರ ಮಂಕಾಗುತ್ತದೆ” ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಎರಡನೆಯದು ಚಲನೆಯನ್ನು ನುಣುಪು ಮಾಡುವ ಆಯ್ಕೆ: ಸ್ಯಾಮ್‌ಸಂಗ್‌ನ ‘ಪಿಕ್ಚರ್ ಕ್ಲಾರಿಟಿ’, ಎಲ್‌ಜಿಯ ‘ಟ್ರೂಮೋಷನ್’, ಸೋನಿಯ ‘ಮೋಷನ್‌ಫ್ಲೋ’. ಚಿತ್ರಗಳ ನಡುವೆ ಹೊಸ ಚಿತ್ರ ಸೃಷ್ಟಿಸುವುದು ಇದರ ಕೆಲಸ. ಆಟದಲ್ಲಿ ಇದು ತಡವನ್ನೂ ತರುತ್ತದೆ, ವೇಗವಾಗಿ ಓಡುವ ವಸ್ತುವಿನ ಸುತ್ತ ಹರಿದ ಅಂಚನ್ನೂ ತರುತ್ತದೆ. ‘ನಾಯ್ಸ್ ರಿಡಕ್ಷನ್’, ‘ಡೈನಾಮಿಕ್ ಕಾಂಟ್ರಾಸ್ಟ್’, ‘ಸೂಪರ್ ರೆಸಲ್ಯೂಷನ್’ ಇವೂ ಬೇಡ.

ಇನ್ನು ‘ಶಾರ್ಪ್‌ನೆಸ್’. ಇದು ವಿವರವನ್ನು ಹೆಚ್ಚಿಸುತ್ತದೆ ಎಂಬ ನಂಬಿಕೆ ಬಲವಾಗಿದೆ. ಇಲ್ಲದ ವಿವರವನ್ನು ಟಿ.ವಿ. ಎಲ್ಲಿಂದ ತಂದೀತು? ಅದು ಅಂಚುಗಳ ಸುತ್ತ ಬಿಳಿ ಗೆರೆ ಎಳೆಯುತ್ತದೆ, ಅಷ್ಟೇ. ಆಟದೊಳಗಿನ ಅಕ್ಷರಗಳ ಬಳಿ ಹೋಗಿ ನೋಡಿ: ಸುತ್ತ ಬೆಳಕಿನ ನೆರಳು ಕಂಡರೆ ಅದು ಮಾಯವಾಗುವವರೆಗೆ ಇಳಿಸಿ. ಸ್ಯಾಮ್‌ಸಂಗ್, ಎಲ್‌ಜಿಗಳಲ್ಲಿ ಸೊನ್ನೆಯ ಹತ್ತಿರ ನಿಲ್ಲುತ್ತೀರಿ. ಸೋನಿಯಲ್ಲಿ ಏನನ್ನೂ ಸೇರಿಸದ ನಡುಬಿಂದು 50, ಅದಕ್ಕಿಂತ ಕೆಳಗೆ ಹೋದರೆ ಚಿತ್ರ ಮಸುಕಾಗುತ್ತದೆ.

ಬಣ್ಣದ ತಾಪಕ್ಕೆ ‘ವಾರ್ಮ್’ ಇಡಿ. ಮೊದಲ ದಿನ ಚಿತ್ರ ಹಳದಿ ಬಳಿದಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ನೀಲಿ ಬೆಳಕಿನಲ್ಲಿ ವರ್ಷಗಟ್ಟಲೆ ಕುಳಿತ ಕಣ್ಣಿಗೆ ಹಾಗನ್ನಿಸುವುದು ಸಹಜ. ಆಟ, ಚಲನಚಿತ್ರಗಳಿಗೆ ಬಣ್ಣ ಕೂರಿಸುವ ಪರದೆಗಳ ಬಿಳುಪು 6500 ಕೆಲ್ವಿನ್ ಆಸುಪಾಸಿನದು, ‘ವಾರ್ಮ್’ ಅದಕ್ಕೆ ಹತ್ತಿರ. ಮೂರು ದಿನ ಬಿಟ್ಟು ಮತ್ತೆ ‘ಕೂಲ್’ ಹಾಕಿ ನೋಡಿ, ಮುಖಗಳೆಲ್ಲ ಚಳಿ ಹಿಡಿದವರ ಹಾಗೆ ಕಾಣುತ್ತವೆ.

ಕೊನೆಯದಾಗಿ ಚಿತ್ರದ ಅಂಚು. ಮೂಲೆಯಲ್ಲಿರುವ ಅಂಕ, ನಕ್ಷೆ ಅರ್ಧ ಕತ್ತರಿಸಿದಂತಿದ್ದರೆ ಟಿ.ವಿ. ಚಿತ್ರವನ್ನು ಹಿಗ್ಗಿಸಿ ತೋರಿಸುತ್ತಿದೆ. ಸ್ಯಾಮ್‌ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’, ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಆಯ್ದುಕೊಳ್ಳಿ. ಇದನ್ನು ಕನ್ಸೋಲಿನ ಕಡೆಯಿಂದ ಚಿತ್ರ ಕುಗ್ಗಿಸಿ ಸರಿಮಾಡುವವರಿದ್ದಾರೆ. ಹಾಗೆ ಮಾಡಿದರೆ ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗಿದ ಚಿತ್ರ ನಿಮ್ಮ ಪಾಲಿಗೆ ಬರುತ್ತದೆ, 4ಕೆಯ ನಿಖರತೆ ಹೋಗುತ್ತದೆ.

ಈ ಬದಲಾವಣೆಗಳಿಂದ ಅಪ್ಪನ ಸುದ್ದಿವಾಹಿನಿಯೋ ಅಮ್ಮನ ಧಾರಾವಾಹಿಯೋ ಕೆಡುತ್ತದೆಂಬ ಚಿಂತೆ ಬೇಡ. ಬಹಳಷ್ಟು ಟಿ.ವಿ.ಗಳು ಒಂದೊಂದು ಕಿಂಡಿಗೂ ಬೇರೆ ಲೆಕ್ಕ ಇಟ್ಟುಕೊಳ್ಳುತ್ತವೆ. ‘ಎಲ್ಲ ಮೂಲಗಳಿಗೂ ಅನ್ವಯಿಸು’ ಎಂಬರ್ಥದ ಆಯ್ಕೆಯನ್ನು ಮಾತ್ರ ಒತ್ತಬೇಡಿ.

6. ಕಪ್ಪು ಕಪ್ಪಾಗಿರಬೇಕು

ನಮ್ಮ ಎರೆ ಹೊಲ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಮಳೆ ಬಿದ್ದ ಮರುದಿನದ ಎರೆ ಗಾಢ ಕಪ್ಪು, ಆದರೂ ಹೆಂಟೆ, ಬಿರುಕು, ಹುಲ್ಲಿನ ಬೇರು ಎಲ್ಲ ಕಾಣುತ್ತದೆ. ಬೇಸಿಗೆಯಲ್ಲಿ ಒಣಗಿದ ಎರೆ ಬೂದುಬಣ್ಣ. ರಾತ್ರಿಯ ಎರೆ ಬರೀ ಕತ್ತಲೆ. ಟಿ.ವಿ.ಯಲ್ಲಿ ನಮಗೆ ಬೇಕಾದದ್ದು ಮೊದಲನೆಯದು.

ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳನ್ನು ಎಣಿಸಲು ಎರಡು ಪದ್ಧತಿಗಳಿವೆ. ‘ಫುಲ್’ ಪದ್ಧತಿಯಲ್ಲಿ ಕಪ್ಪು 0, ಬಿಳಿ 255. ‘ಲಿಮಿಟೆಡ್’ ಪದ್ಧತಿಯಲ್ಲಿ ಕಪ್ಪು 16, ಬಿಳಿ 235. ಎರಡೂ ಸರಿಯೇ, ಕಳಿಸುವವನೂ ಓದುವವನೂ ಒಂದನ್ನೇ ಹಿಡಿದಿದ್ದರೆ. ಕನ್ಸೋಲ್ ಲಿಮಿಟೆಡ್ ಕಳಿಸಿ ಟಿ.ವಿ. ಫುಲ್ ಎಂದು ಓದಿದರೆ 16 ಎಂಬುದು ಬೂದಿಯಾಗಿ ಕಾಣುತ್ತದೆ: ಒಣಗಿದ ಎರೆ. ಕನ್ಸೋಲ್ ಫುಲ್ ಕಳಿಸಿ ಟಿ.ವಿ. ಲಿಮಿಟೆಡ್ ಎಂದು ಓದಿದರೆ 16ರ ಕೆಳಗಿನ ವಿವರವೆಲ್ಲ ಒಂದೇ ಕಪ್ಪಿನಲ್ಲಿ ಮುಳುಗುತ್ತದೆ: ರಾತ್ರಿಯ ಎರೆ.

ಎರಡೂ ಕಡೆ ‘ಆಟೊ’ ಇಟ್ಟು ಶುರುಮಾಡಿ. ಕನ್ಸೋಲಿನಲ್ಲಿ ಇದರ ಹೆಸರು ‘ಆರ್‌ಜಿಬಿ ರೇಂಜ್’ (ಎಕ್ಸ್‌ಬಾಕ್ಸ್‌ನಲ್ಲಿ ‘ಕಲರ್ ಸ್ಪೇಸ್’, ಅದನ್ನು ‘ಸ್ಟ್ಯಾಂಡರ್ಡ್’ನಲ್ಲೇ ಬಿಡಿ). ಟಿ.ವಿ.ಯಲ್ಲಿ ‘ಬ್ಲ್ಯಾಕ್ ಲೆವೆಲ್’ ಅಥವಾ ‘ವಿಡಿಯೋ ರೇಂಜ್’. ಆಟೊದಲ್ಲಿ ಗುಹೆಯ ದೃಶ್ಯ ಸರಿ ಕಾಣದಿದ್ದರೆ ಎರಡನ್ನೂ ಲಿಮಿಟೆಡ್‌ಗೆ ತನ್ನಿ, ಟಿ.ವಿ.ಯಲ್ಲಿ ಅದು ‘ಲೋ’ ಎಂದಿರುತ್ತದೆ. ಇದಾದ ನಂತರವೇ ‘ಬ್ರೈಟ್‌ನೆಸ್’ ಮುಟ್ಟಿ. ಬಹಳ ಜನ ಮೊದಲೇ ಬ್ರೈಟ್‌ನೆಸ್ ಏರಿಸಿ, ಕಪ್ಪನ್ನು ಬೂದಿ ಮಾಡಿಕೊಂಡು, ಪರದೆ ಅಗ್ಗದ್ದೆಂದು ಕೊರಗುತ್ತಾರೆ.

7. ಎಚ್‌ಡಿಆರ್: ಎಲ್ಲರೂ ಎಡವುವ ಜಾಗ

ಮಧ್ಯಾಹ್ನ ಹನ್ನೆರಡಕ್ಕೆ ಗೋಳಗುಮ್ಮಟದೊಳಗೆ ನಿಂತು ಬಾಗಿಲ ಕಡೆ ನೋಡಿ. ಹೊರಗೆ ಬಿಸಿಲಿಗೆ ಹೊಳೆಯುವ ಹುಲ್ಲುಹಾಸೂ ಕಾಣುತ್ತದೆ, ಒಳಗಿನ ನೆರಳಿನಲ್ಲಿರುವ ಗೋಡೆಯ ಗಾರೆಯೂ ಕಾಣುತ್ತದೆ. ಅದನ್ನೇ ಹಳೆಯ ಮೊಬೈಲಿನಲ್ಲಿ ಫೋಟೊ ತೆಗೆದರೆ ಬಾಗಿಲು ಬಿಳಿಯ ಚೌಕವಾಗುತ್ತದೆ ಅಥವಾ ಗೋಡೆ ಕಪ್ಪಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದು ತೋರಿಸುವ ಪ್ರಯತ್ನಕ್ಕೆ ಎಚ್‌ಡಿಆರ್ ಎಂದು ಹೆಸರು. ಚೆನ್ನಾಗಿ ಕೂರಿಸಿದರೆ ಹೊಸ ಟಿ.ವಿ.ಯ ನಿಜವಾದ ಬೆಲೆ ಇಲ್ಲಿಯೇ ಗೊತ್ತಾಗುತ್ತದೆ.

ಬೆಳಕನ್ನು ‘ನಿಟ್ಸ್’ನಲ್ಲಿ ಅಳೆಯುತ್ತಾರೆ. ಆಟ 1000 ನಿಟ್ಸ್‌ನ ಸೂರ್ಯನನ್ನು ಕಳಿಸಿ, ಟಿ.ವಿ.ಗೆ 600ರ ಶಕ್ತಿಯಷ್ಟೇ ಇದ್ದರೆ ಉಳಿದದ್ದನ್ನು ಯಾರಾದರೂ ಅದುಮಿ ಕೂರಿಸಬೇಕು. ಇದು ‘ಟೋನ್ ಮ್ಯಾಪಿಂಗ್’. ಟಿ.ವಿ.ಯೂ ಅದುಮಿ ಕನ್ಸೋಲೂ ಅದುಮಿದರೆ ಚಿತ್ರ ಮಂಕಾಗುತ್ತದೆ. ಒಬ್ಬರು ಮಾಡಬೇಕು, ಅದು ಕನ್ಸೋಲ್ ಆಗಿರಲಿ. ಅದಕ್ಕೆ ಕ್ರಮ ಮುಖ್ಯ.

ಮೊದಲು ಟಿ.ವಿ. ಗೇಮ್ ಮೋಡ್‌ನಲ್ಲಿರುವಾಗ, ಎಚ್‌ಡಿಆರ್ ಚಿತ್ರ ಬರುತ್ತಿರುವಾಗ, ಟೋನ್ ಮ್ಯಾಪಿಂಗ್ ಆಯ್ಕೆಗೆ ಹೋಗಿ ‘ಎಚ್‌ಜಿಐಜಿ’ ಎಂಬುದಿದ್ದರೆ ಅದನ್ನು ಹಾಕಿ. ಇದರರ್ಥ, ಟಿ.ವಿ. ಸುಮ್ಮನಿರುತ್ತದೆ, ತನ್ನ ಶಕ್ತಿ ಮೀರಿದ್ದನ್ನು ಕನ್ಸೋಲೇ ನೋಡಿಕೊಳ್ಳುತ್ತದೆ. ಎಚ್‌ಡಿಆರ್ ಚಿತ್ರಕ್ಕೆ ಟಿ.ವಿ. ಬೇರೆಯದೇ ಹೊಂದಾಣಿಕೆ ಇಟ್ಟುಕೊಳ್ಳುವುದರಿಂದ ಐದನೇ ಹಂತದ ಶಾರ್ಪ್‌ನೆಸ್, ವಾರ್ಮ್ ಎಲ್ಲವನ್ನೂ ಇಲ್ಲಿ ಇನ್ನೊಮ್ಮೆ ಮಾಡಬೇಕಾಗುತ್ತದೆ.

ಆಮೇಲೆ ಕನ್ಸೋಲಿನ ಹೊಂದಾಣಿಕೆ: ಪ್ಲೇಸ್ಟೇಷನ್ 5ರಲ್ಲಿ ‘ಅಡ್ಜಸ್ಟ್ ಎಚ್‌ಡಿಆರ್’, ಎಕ್ಸ್‌ಬಾಕ್ಸ್‌ನಲ್ಲಿ ‘ಕ್ಯಾಲಿಬ್ರೇಟ್ ಎಚ್‌ಡಿಆರ್ ಫಾರ್ ಗೇಮ್ಸ್’. ಪರದೆಯ ಮೇಲಿನ ಗುರುತು ಕಂಡೂ ಕಾಣದಂತಾಗುವಲ್ಲಿ ನಿಲ್ಲಿಸಿ. ಚೆನ್ನಾಗಿ ಕಾಣಲಿ ಎಂದು ಹೆಚ್ಚು ಏರಿಸಿದರೆ ಮೋಡ, ಬೆಂಕಿ, ಹೆಡ್‌ಲೈಟುಗಳ ಒಳವಿವರ ಬಿಳಿಯಲ್ಲಿ ಕಳೆದುಹೋಗುತ್ತದೆ. ಕಿಟಕಿ ಮುಚ್ಚಿ, ನೀವು ದಿನಾ ಆಡುವ ಬೆಳಕಿನಲ್ಲೇ ಇದನ್ನು ಮಾಡಿ. ಮುಂದೆ ಟಿ.ವಿ.ಯಲ್ಲಿ ಟೋನ್ ಮ್ಯಾಪಿಂಗ್ ಬದಲಿಸಿದರೆ ಈ ಹೊಂದಾಣಿಕೆಯನ್ನು ಪುನಃ ಮಾಡಬೇಕು.

ಪ್ಲೇಸ್ಟೇಷನ್ 5ರ ಎಚ್‌ಡಿಆರ್ ಆಯ್ಕೆಯನ್ನು ‘ಆನ್ ವೆನ್ ಸಪೋರ್ಟೆಡ್’ ಎಂದಿಡಿ, ಅಂದರೆ ಆಟಕ್ಕೆ ಎಚ್‌ಡಿಆರ್ ಇದ್ದಾಗ ಮಾತ್ರ. ‘ಆಲ್‌ವೇಸ್ ಆನ್’ ಇದ್ದರೆ ಹಳೆಯ ಆಟಗಳನ್ನೂ ಎಚ್‌ಡಿಆರ್ ಅಂಗಿ ತೊಡಿಸಿ ಕಳಿಸುತ್ತದೆ, ಬಣ್ಣ ಏರುಪೇರಾಗುತ್ತದೆ. ಡಾಲ್ಬಿ ವಿಷನ್ (ಎಚ್‌ಡಿಆರ್‌ನ ಇನ್ನೊಂದು ಬಗೆ) ಏಕೆ ಬರುತ್ತಿಲ್ಲ ಎಂದು ಕೇಳುವವರಿಗೆ: ಆಟಗಳಿಗೆ ಅದನ್ನು ಕೊಡುವುದು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲುಗಳು, ಪ್ಲೇಸ್ಟೇಷನ್ 5 ಕಳಿಸುವುದು ಎಚ್‌ಡಿಆರ್10.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದ ಕಡಿಮೆ ಬೆಲೆಯ ಎಷ್ಟೋ ಟಿ.ವಿ.ಗಳ ಬೆಳಕು 300 ನಿಟ್ಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಅವು ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತವೆ, ತೋರಿಸುವ ಶಕ್ತಿ ಅವುಗಳಿಗಿಲ್ಲ. ಎಲ್ಲ ಮಾಡಿದ ಮೇಲೂ ಎಚ್‌ಡಿಆರ್ ಹಾಕಿದರೆ ಮಂಕು, ತೆಗೆದರೆ ಚೆಂದ ಎನ್ನಿಸಿದರೆ ಸಂಕೋಚವಿಲ್ಲದೆ ತೆಗೆಯಿರಿ.

8. ವೇಗ: 120 ಹರ್ಟ್ಸ್, ವಿಆರ್‌ಆರ್

ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬುದೇ ಹರ್ಟ್ಸ್. ಜಾಹೀರಾತಿನ ‘ಮೋಷನ್ ರೇಟ್ 120’ಕ್ಕೂ ಪರದೆಯ ನಿಜವಾದ 120 ಹರ್ಟ್ಸ್‌ಗೂ ಸಂಬಂಧವಿಲ್ಲ; ‘ನೇಟಿವ್ ರಿಫ್ರೆಶ್ ರೇಟ್’ ಎಂಬ ಸಾಲು ಹುಡುಕಿ. ನಿಮ್ಮದು 60 ಇದ್ದರೆ ಈ ಹಂತ ಬಿಟ್ಟುಬಿಡಿ, ನಷ್ಟವೇನಿಲ್ಲ. ಹೆಚ್ಚಿನ ಆಟಗಳು ಓಡುವುದೇ 30 ಅಥವಾ 60ರಲ್ಲಿ. 120 ಇದ್ದರೆ ಪ್ಲೇಸ್ಟೇಷನ್ 5ರಲ್ಲಿ ಅದನ್ನು ಆಟೊಮ್ಯಾಟಿಕ್ ಮಾಡಿ.

‘ವಿಆರ್‌ಆರ್’ ಎಂದರೆ ಕನ್ಸೋಲಿನಿಂದ ಚಿತ್ರ ಬಂದ ಗತಿಗೆ ಟಿ.ವಿ. ತನ್ನ ಗತಿಯನ್ನು ಹೊಂದಿಸಿಕೊಳ್ಳುವುದು. ಚಿತ್ರ ಅಡ್ಡಲಾಗಿ ಹರಿದಂತೆ ಕಾಣುವುದು ಇದರಿಂದ ನಿಲ್ಲುತ್ತದೆ. ಪ್ಲೇಸ್ಟೇಷನ್ 5ಕ್ಕೆ ಇದು 2022ರ ಏಪ್ರಿಲ್‌ನಲ್ಲಿ ಬಂತು, 48ರಿಂದ 120 ಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ. ಕೆಲವು ಪರದೆಗಳಲ್ಲಿ ಕತ್ತಲ ದೃಶ್ಯ ಮಿಣುಕಿದರೆ ಆ ಆಟಕ್ಕೆ ಮಾತ್ರ ಅದನ್ನು ಆಫ್ ಮಾಡಿ. 120ರಲ್ಲಿ ಎಚ್‌ಡಿಆರ್ ಓಡುವಾಗ ‘ವೈಯುವಿ 422’ (ಬಣ್ಣದ ಮಾಹಿತಿಯನ್ನು ತುಸು ಕುಗ್ಗಿಸಿ ಕಳಿಸುವ ಬಗೆ) ಎಂದು ಬರೆದು ಬಂದರೆ ಹೆದರಬೇಡಿ, ಪ್ಲೇಸ್ಟೇಷನ್ 5ರ ಕಿಂಡಿಯ ಮಿತಿ 32 ಗಿಗಾಬಿಟ್ ಆಗಿರುವುದರಿಂದ ಹಾಗೆ. ಸೋಫಾದಿಂದ ಅಂತರ ಕಾಣುವುದಿಲ್ಲ.

ಆಟದೊಳಗೆ ‘ಪರ್ಫಾರ್ಮೆನ್ಸ್’ ಮತ್ತು ‘ರೆಸಲ್ಯೂಷನ್’ ಎಂಬ ಎರಡು ದಾರಿಗಳಿದ್ದರೆ ನಾನು ಆರಿಸುವುದು ಪರ್ಫಾರ್ಮೆನ್ಸ್. ನಿಂತ ಚಿತ್ರದಲ್ಲಿ ಕಳೆದುಕೊಳ್ಳುವ ತುಸು ವಿವರಕ್ಕಿಂತ ಓಡುವ ಚಿತ್ರದಲ್ಲಿ ಸಿಗುವ ಸ್ಪಷ್ಟತೆ ದೊಡ್ಡದು.

ಪರದೆ ಕಪ್ಪಾದರೆ

ಬದಲಿಸುತ್ತಾ ಹೋಗಿ ಚಿತ್ರವೇ ಬಾರದಂತಾದರೆ ಪ್ಲೇಸ್ಟೇಷನ್ 5ನ್ನು ಪೂರ್ತಿ ಆರಿಸಿ, ಪವರ್ ಗುಂಡಿಯನ್ನು ಒತ್ತಿಹಿಡಿಯಿರಿ. ಮೊದಲ ಸದ್ದಾಗಿ ಸುಮಾರು ಏಳು ಸೆಕೆಂಡಿಗೆ ಎರಡನೇ ಸದ್ದು ಬರುತ್ತದೆ, ಆಗ ಕೈಬಿಡಿ. ‘ಸೇಫ್ ಮೋಡ್’ ತೆರೆಯುತ್ತದೆ. ನಿಯಂತ್ರಕವನ್ನು ತಂತಿಯಿಂದ ಜೋಡಿಸಿ ‘ಚೇಂಜ್ ವಿಡಿಯೋ ಔಟ್‌ಪುಟ್’ ಆಯ್ದುಕೊಳ್ಳಿ. ಚಿತ್ರ ಆಗಾಗ ಹೋಗಿಬರುತ್ತಿದ್ದರೆ ‘4ಕೆ ವಿಡಿಯೋ ಟ್ರಾನ್ಸ್‌ಫರ್ ರೇಟ್’ ಅನ್ನು -1 ಅಥವಾ -2ಕ್ಕೆ ಇಳಿಸಿ ನೋಡಿ. ಆಗ ನಿಂತರೆ ಕೇಬಲನ್ನು ಅನುಮಾನಿಸಬೇಕು.

ಹಳೆಯ ಕನ್ಸೋಲ್ ಇದ್ದವರಿಗೆ

ಪ್ಲೇಸ್ಟೇಷನ್ 4 ಕಳಿಸುವುದು 1080ಪಿ, ಅಂದರೆ 4ಕೆಯ ನಾಲ್ಕನೇ ಒಂದು ಭಾಗ ಬಿಂದುಗಳು, ಉಳಿದದ್ದನ್ನು ಟಿ.ವಿ. ತುಂಬಿಕೊಳ್ಳುತ್ತದೆ, ಚೆನ್ನಾಗಿಯೇ ತುಂಬಿಕೊಳ್ಳುತ್ತದೆ. ಮೇಲಿನ 4ರಿಂದ 7ರವರೆಗಿನ ಹಂತಗಳು ಇದಕ್ಕೂ ಅನ್ವಯಿಸುತ್ತವೆ, ಎಚ್‌ಡಿಆರ್ ಕೂಡ ಇದರಲ್ಲಿದೆ. ಹಳದಿ, ಕೆಂಪು, ಬಿಳಿ ತಂತಿಯ ಪ್ಲೇಸ್ಟೇಷನ್ 2 ಇದ್ದರೆ ಟಿ.ವಿ.ಯಲ್ಲಿ ಚಿತ್ರದ ಆಕಾರವನ್ನು 4:3 ಮಾಡಿ. ಅಗಲಕ್ಕೆ ಎಳೆದ ಚಿತ್ರ ಆ ಆಟಗಳಿಗೆ ಅನ್ಯಾಯ.

ಗೋಡೆಯ ಸ್ವಿಚ್, ಧೂಳು, ಬೇಸಿಗೆ

ಟಿ.ವಿ. ಒಎಲ್‌ಇಡಿ (ಒಂದೊಂದು ಬಿಂದುವೂ ತಾನೇ ಬೆಳಗುವ ಬಗೆ) ಆಗಿದ್ದರೆ ರಾತ್ರಿ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸ ಬಿಡಿ. ಕೆಲವು ತಾಸು ನಡೆದ ಪರದೆ, ರಿಮೋಟಿನಿಂದ ಆರಿಸಿದ ಮೇಲೆ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಕೆಲಸ ಮಾಡುತ್ತದೆ. ವಿದ್ಯುತ್ ಸಿಗದಿದ್ದರೆ ಅದು ನಡೆಯುವುದಿಲ್ಲ, ಸದಾ ಒಂದೇ ಕಡೆ ನಿಲ್ಲುವ ಅಂಕಪಟ್ಟಿಯ ಗುರುತು ಉಳಿದುಹೋಗುವ ಅಪಾಯ ಹೆಚ್ಚುತ್ತದೆ. ಕನ್ಸೋಲ್ ‘ರೆಸ್ಟ್ ಮೋಡ್’ನಲ್ಲಿ ಕಿತ್ತಳೆ ದೀಪ ತೋರಿಸುತ್ತಿರುವಾಗಲೂ ಸ್ವಿಚ್ ಮುಟ್ಟಬೇಡಿ.

ಪ್ಲೇಸ್ಟೇಷನ್ 5 ಕೆಲಸ ಮಾಡಬೇಕಾದ ಉಷ್ಣಾಂಶ 5ರಿಂದ 35 ಡಿಗ್ರಿ ಎಂದು ತಯಾರಕರೇ ಹೇಳಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಹೊರಗಿನ ಬಿಸಿ 40 ದಾಟುತ್ತದೆ. ಗೋಡೆಯ ಗೂಡಿನೊಳಗೆ ಕನ್ಸೋಲ್ ತುರುಕಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ, ಗಾಳಿಕಿಂಡಿಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಿರಿ.

ಎಲ್ಲ ಮುಗಿದ ಮೇಲೆ ಟಿ.ವಿ.ಯ ಒಂದೊಂದು ಸೆಟ್ಟಿಂಗ್ಸ್ ಪುಟದ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಎಚ್‌ಡಿಆರ್ ಇದ್ದಾಗಿನದು, ಇಲ್ಲದಾಗಿನದು ಎರಡನ್ನೂ. ಮುಂದಿನ ನವೀಕರಣ ಬಂದು ಎಲ್ಲ ಅಳಿಸಿದ ದಿನ, ಇಡೀ ಸಂಜೆಯ ಬದಲು ಹತ್ತು ನಿಮಿಷದಲ್ಲಿ ಎಲ್ಲವನ್ನೂ ಮತ್ತೆ ಕೂರಿಸಿಕೊಳ್ಳುತ್ತೀರಿ.